ಬ್ಯಾಶ್ ಪ್ರಾಂಪ್ಟ್ ತುಂಬಾ ನಿಧಾನ, ಎಂಟರ್ ಒತ್ತಿದರೆ ಎರಡು ಸೆಕೆಂಡ್ ಕಾಯಬೇಕು

ಗೋಧೂಳಿ_ಟರ್ಮ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆಫೀಸಿನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಡಬ್ಲ್ಯುಎಸ್‌ಎಲ್2 (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡು ಉಬುಂಟು ಬಳಸುತ್ತಿದ್ದೇನೆ. ಶೆಲ್ (ಟೈಪ್ ಮಾಡಿದ ಕಮಾಂಡ್ ಓಡಿಸುವ ಪ್ರೋಗ್ರಾಮ್) ಬ್ಯಾಶ್. ಪ್ರಾಂಪ್ಟನ್ನು, ಅಂದರೆ ಕಮಾಂಡ್ ಟೈಪ್ ಮಾಡುವ ಜಾಗದ ಮುಂದೆ ಬರುವ ಸಾಲನ್ನು, ಪೂರ್ತಿ ನಾನೇ ಬರೆದುಕೊಂಡಿದ್ದೇನೆ. ಈಗಿರುವ ಫೋಲ್ಡರ್, ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಪ್ರೋಗ್ರಾಮ್) ಬ್ರಾಂಚ್, ಏನಾದರೂ ಬದಲಾಗಿದ್ದರೆ ಪಕ್ಕದಲ್ಲಿ ಒಂದು ಸ್ಟಾರ್, ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಮ್) ವರ್ಷನ್, ಕುಬರ್ನೆಟಿಸ್ ಕಾಂಟೆಕ್ಸ್ಟ್, ಹಿಂದಿನ ಕಮಾಂಡ್ ಫೇಲ್ ಆಗಿದ್ದರೆ ಅದರ ಎಕ್ಸಿಟ್ ಕೋಡ್ ಕೆಂಪು ಬಣ್ಣದಲ್ಲಿ. ಇಷ್ಟೂ ನನಗೆ ಬೇಕು, ಅದರಲ್ಲೂ ಕುಬರ್ನೆಟಿಸ್ ಕಾಂಟೆಕ್ಸ್ಟ್ ಬೇಕೇ ಬೇಕು, ಯಾವ ಕ್ಲಸ್ಟರಿನಲ್ಲಿ (ಸರ್ವರುಗಳ ಗುಂಪಿನಲ್ಲಿ) ಇದ್ದೀನಿ ಅಂತ ಕಣ್ಣೆದುರು ಇಲ್ಲದೆ ಕೆಲಸ ಮಾಡೋಕೆ ನನಗೆ ಧೈರ್ಯ ಬರಲ್ಲ.

ಹೋಮ್ ಫೋಲ್ಡರಿನಲ್ಲಿ ಇದ್ದಾಗ ಸ್ವಲ್ಪ ತಡ ಅನ್ನಿಸುತ್ತದೆ, ಅಷ್ಟೇ. ಪ್ರಾಜೆಕ್ಟ್ ಫೋಲ್ಡರಿಗೆ ಹೋದರೆ ಮಾತ್ರ ಸುಮ್ನೆ ಎಂಟರ್ ಒತ್ತಿದರೂ ಎರಡು ಸೆಕೆಂಡ್. ಪ್ರಾಜೆಕ್ಟ್ ಸಿ ಡ್ರೈವಿನಲ್ಲಿದೆ, ಸಾವಿರಾರು ಫೈಲುಗಳಿವೆ. ಟೀಮಿನವರು ಸ್ಟಾರ್‌ಶಿಪ್ ಅನ್ನುವ ರೆಡಿಮೇಡ್ ಪ್ರಾಂಪ್ಟ್ ಹಾಕಿಕೋ, ರಸ್ಟ್ ಭಾಷೆಯಲ್ಲಿ ಬರೆದದ್ದು, ಫಾಸ್ಟ್ ಇದೆ ಅಂತಾರೆ. ಅದಕ್ಕೆ ಹೋದರೆ ಸರಿಹೋಗುತ್ತಾ? ಅಥವಾ ನನ್ನ ಪ್ರಾಂಪ್ಟನ್ನೇ ವೇಗ ಮಾಡಬಹುದಾ?

ಸಾಲುಮರ:

ಸ್ಟಾರ್‌ಶಿಪ್ ಒಳ್ಳೆಯದೇ, ಆದರೆ ನಿಮ್ಮ ತೊಂದರೆ ಅದರಿಂದ ಹೋಗುವುದು ಅನುಮಾನ. ಫೈಲು ಬದಲಾಗಿದೆಯಾ ಅಂತ ಹೇಳಬೇಕಾದರೆ ಯಾವ ಪ್ರೋಗ್ರಾಮ್ ಆದರೂ ಆ ಸಾವಿರಾರು ಫೈಲುಗಳನ್ನು ನೋಡಲೇಬೇಕು. ಸ್ಟಾರ್‌ಶಿಪ್ ತಾನು ಓಡಿಸುವ ಹೊರಗಿನ ಕಮಾಂಡುಗಳಿಗೆ 500 ಮಿಲಿಸೆಕೆಂಡ್ ಗಡುವು ಇಟ್ಟುಕೊಂಡಿದೆ. ಅದು ಮೀರಿದರೆ ಎಚ್ಚರಿಕೆಯ ಸಾಲು ತೋರಿಸಿ ಆ ಭಾಗವನ್ನು ಬಿಟ್ಟುಬಿಡುತ್ತದೆ. ಆಗ ಕಾಯುವುದೇನೋ ಕಡಿಮೆಯಾಗುತ್ತದೆ, ಸ್ಟಾರ್ ಮಾತ್ರ ಸಿಗುವುದಿಲ್ಲ.

ಮೊದಲು ಅಳತೆ ಮಾಡಿ. ಬ್ಯಾಶ್ 5.0 ಅಥವಾ ಅದಕ್ಕಿಂತ ಹೊಸದಿದ್ದರೆ ಎಪೊಕ್‌ರಿಯಲ್‌ಟೈಮ್ ಅನ್ನುವ ವೇರಿಯಬಲ್ ಇರುತ್ತದೆ, ಮೈಕ್ರೋಸೆಕೆಂಡಿನವರೆಗೆ ಸಮಯ ಹೇಳುತ್ತದೆ. ಅದನ್ನು ಪಿಎಸ್4ರಲ್ಲಿ (ಟ್ರೇಸ್ ಮಾಡುವಾಗ ಪ್ರತಿ ಸಾಲಿನ ಮುಂದೆ ಬೀಳುವ ಬರಹದ ವೇರಿಯಬಲ್) ಸಿಂಗಲ್ ಕೋಟ್ ಒಳಗೆ ಹಾಕಿ, ಸೆಟ್ ಮೈನಸ್ ಎಕ್ಸ್ ಕೊಟ್ಟು, ಒಂದು ಸಲ ಎಂಟರ್ ಒತ್ತಿ. ಪ್ರಾಂಪ್ಟ್ ಕಟ್ಟುವಾಗ ನಡೆದ ಒಂದೊಂದು ಸಾಲೂ ಸಮಯದ ಜೊತೆ ಬೀಳುತ್ತದೆ. ಎಲ್ಲಿ ದೊಡ್ಡ ಜಿಗಿತ ಇದೆಯೋ ಅದೇ ಕಳ್ಳ. ನೋಡಿಯಾದ ಮೇಲೆ ಸೆಟ್ ಪ್ಲಸ್ ಎಕ್ಸ್ ಕೊಟ್ಟು ನಿಲ್ಲಿಸಿ.

ಇನ್ನೊಂದು ಮಾತು. ಟರ್ಮಿನಲ್ ಓಪನ್ ಆಗುವಾಗಿನ ತಡವೇ ಬೇರೆ, ಪ್ರತಿ ಎಂಟರಿಗೆ ಆಗುವ ತಡವೇ ಬೇರೆ. ಎನ್‌ವಿಎಂ (ನೋಡ್ ವರ್ಷನ್ ಬದಲಿಸುವ ಸ್ಕ್ರಿಪ್ಟ್), ಕೊಂಡಾ (ಪ್ಯಾಕೇಜ್ ಮ್ಯಾನೇಜರ್) ಇವೆಲ್ಲ ಲೋಡ್ ಆಗುವುದು ಶುರುವಿನಲ್ಲಿ ಒಂದೇ ಸಲ. ಹುಡುಕಿದರೆ ಸಿಗುವ ಸಲಹೆಗಳಲ್ಲಿ ಜಾಸ್ತಿ ಅವುಗಳ ಬಗ್ಗೆಯೇ, ನಿಮ್ಮ ತೊಂದರೆ ಅದಲ್ಲ.

ಗೋಧೂಳಿ_ಟರ್ಮ್:

ಥ್ಯಾಂಕ್ಸ್, ಮಾಡಿ ನೋಡಿದೆ. ಪ್ರಾಜೆಕ್ಟ್ ಫೋಲ್ಡರಿನಲ್ಲಿ ಗಿಟ್ ಸ್ಟೇಟಸ್ ಒಂದಕ್ಕೇ ಒಂದೂವರೆ ಸೆಕೆಂಡಿಗಿಂತ ಜಾಸ್ತಿ. ಉಳಿದದ್ದನ್ನು ನೋಡ್ ಮತ್ತು ಕುಬ್‌ಕಂಟ್ರೋಲ್ (ಕುಬರ್ನೆಟಿಸ್ ಕಮಾಂಡ್) ಹಂಚಿಕೊಂಡಿವೆ. ಹೋಮ್ ಫೋಲ್ಡರಿನಲ್ಲೂ ಈ ಎರಡು ಓಡುತ್ತಿವೆ, ಅಲ್ಲಿನ ತಡ ಅದರದ್ದೇ ಅಂತ ಈಗ ಗೊತ್ತಾಯಿತು.

ಕರಾವಳಿಯ_ಕೀಬೋರ್ಡ್:

ಪ್ರಾಜೆಕ್ಟ್, ಅಂದರೆ ಗಿಟ್ ನೋಡಿಕೊಳ್ಳುವ ರೆಪೊ, ಸಿ ಡ್ರೈವಿನಲ್ಲಿದೆ ಅಂದ್ರಲ್ಲ, ಮುಖ್ಯ ಕಾರಣ ಅಲ್ಲೇ ಇದೆ. ಡಬ್ಲ್ಯುಎಸ್‌ಎಲ್2 ಅಂದರೆ ಒಂದು ಪುಟ್ಟ ವರ್ಚುವಲ್ ಮಷೀನು. ಅದರ ಒಳಗಿಂದ ವಿಂಡೋಸ್ ಡ್ರೈವ್ ನೋಡಬೇಕಾದರೆ 9ಪಿ ಅನ್ನುವ ಪ್ರೋಟೋಕಾಲ್ ಮೂಲಕ ಆಚೆ ಹೋಗಿ ಕೇಳಿಕೊಂಡು ಬರಬೇಕು. ಗಿಟ್ ಸ್ಟೇಟಸ್ ತನ್ನ ಇಂಡೆಕ್ಸಿನಲ್ಲಿ (ಫೈಲುಗಳ ಪಟ್ಟಿಯಲ್ಲಿ) ಇರುವ ಪ್ರತಿ ಫೈಲಿಗೂ ನಿನ್ನ ಸೈಜ್ ಎಷ್ಟು, ಯಾವಾಗ ಬದಲಾದೆ ಅಂತ ಕೇಳುತ್ತದೆ. ಫೈಲು ಓದುವುದಲ್ಲ, ಬರೀ ವಿಚಾರಿಸುವುದು. ಲಿನಕ್ಸಿನ ಸ್ವಂತ ಡಿಸ್ಕಿನಲ್ಲಿ ಇದು ಕ್ಷಣದ ಕೆಲಸ. 9ಪಿಯಲ್ಲಿ ಒಂದೊಂದು ಫೈಲಿಗೂ ಹೋಗಿ ಬರುವ ಖರ್ಚು ಬೀಳುತ್ತದೆ, ಸಾವಿರಾರು ಫೈಲು ಸೇರಿದರೆ ಸೆಕೆಂಡುಗಳು.

ರೆಪೊವನ್ನು ಲಿನಕ್ಸ್ ಹೋಮ್ ಫೋಲ್ಡರಿನ ಒಳಗೆ ಹೊಸದಾಗಿ ಕ್ಲೋನ್ ಮಾಡಿ (ಗಿಟ್ ಮೂಲಕ ಸರ್ವರಿನಿಂದ ಇಳಿಸಿಕೊಳ್ಳಿ). ಮೈಕ್ರೋಸಾಫ್ಟ್ ಕೂಡ ತನ್ನ ದಾಖಲೆಯಲ್ಲಿ ಇದನ್ನೇ ಹೇಳುತ್ತದೆ. ಕಾಪಿ ಮಾಡಬೇಡಿ, ಕ್ಲೋನೇ ಮಾಡಿ. ಕಾಪಿ ಮಾಡಿದರೆ ವಿಂಡೋಸಿನ ಲೈನ್ ಎಂಡಿಂಗ್, ಫೈಲ್ ಪರ್ಮಿಷನ್ ಎಲ್ಲ ಜೊತೆಗೆ ಬಂದು ಅರ್ಧ ರೆಪೊ ಬದಲಾಗಿದೆ ಅಂತ ತೋರಿಸಬಹುದು. ವಿಎಸ್ ಕೋಡ್ ಬಳಸುತ್ತಿದ್ದರೆ ಡಬ್ಲ್ಯುಎಸ್‌ಎಲ್ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಏನೂ ವ್ಯತ್ಯಾಸ ಗೊತ್ತಾಗಲ್ಲ. ಒಂದು ಎಚ್ಚರಿಕೆ ಮಾತ್ರ: ಲಿನಕ್ಸ್ ಕಡೆಯ ಫೈಲೆಲ್ಲ ಒಂದು ದೊಡ್ಡ ವರ್ಚುವಲ್ ಡಿಸ್ಕ್ ಫೈಲಿನ ಒಳಗೆ ಇರುತ್ತದೆ. ಆಫೀಸಿನ ಬ್ಯಾಕಪ್ ಅದನ್ನು ತೆಗೆದುಕೊಳ್ಳದೇ ಇರಬಹುದು, ಆಗಾಗ ಪುಶ್ ಮಾಡುತ್ತಾ ಇರಿ.

ವಿಂಡೋಸಿನ ಪಾತ್ (ಕಮಾಂಡ್ ಹುಡುಕುವ ಫೋಲ್ಡರುಗಳ ಪಟ್ಟಿ) ಕೂಡ ಡಬ್ಲ್ಯುಎಸ್‌ಎಲ್ ಒಳಗೆ ತಾನಾಗಿ ಸೇರಿಕೊಂಡಿರುತ್ತದೆ. ಇಲ್ಲದ ಕಮಾಂಡ್ ಒಂದನ್ನು ಹುಡುಕುವಾಗ ಆ ಸಿ ಡ್ರೈವಿನ ಫೋಲ್ಡರುಗಳನ್ನೆಲ್ಲ ಬ್ಯಾಶ್ ಸುತ್ತಿ ಬರುತ್ತದೆ. ನಿಮ್ಮ ಪ್ರಾಂಪ್ಟಿನಲ್ಲಿ ಯಾವುದಾದರೂ ಪ್ರೋಗ್ರಾಮ್ ಇದೆಯಾ ಅಂತ ನೋಡುವ ಸಾಲು ಇದ್ದರೆ ಪ್ರತಿ ಸಲ ಅದೂ ಒಂದು ದಂಡ. ಡಬ್ಲ್ಯುಎಸ್‌ಎಲ್ ಡಾಟ್ ಕಾನ್ಫ್ ಫೈಲಿನ ಇಂಟರಾಪ್ ಭಾಗದಲ್ಲಿ ಅಪೆಂಡ್‌ವಿಂಡೋಸ್‌ಪಾತ್ ಫಾಲ್ಸ್ ಮಾಡಿ, ಡಬ್ಲ್ಯುಎಸ್‌ಎಲ್ ಶಟ್‌ಡೌನ್ ಕೊಟ್ಟು ಮತ್ತೆ ಶುರು ಮಾಡಿದರೆ ಅದು ಹೋಗುತ್ತದೆ. ವಿಎಸ್ ಕೋಡಿನ ಕಮಾಂಡ್ ಬೇಕಿದ್ದರೆ ಅದೊಂದರ ಫೋಲ್ಡರನ್ನು ಕೈಯಲ್ಲೇ ಪಾತಿಗೆ ಸೇರಿಸಿಕೊಳ್ಳಿ.

ಸಾಲುಮರ:

ಮೇಲಿನವರು ಹೇಳಿದ್ದನ್ನು ಮೊದಲು ಮಾಡಿ, ಅರ್ಧಕ್ಕಿಂತ ಜಾಸ್ತಿ ಅಲ್ಲೇ ಮುಗಿಯುತ್ತದೆ. ಉಳಿದದ್ದು ನೋಡ್ ಮತ್ತು ಕುಬ್‌ಕಂಟ್ರೋಲ್.

ಪ್ರಾಂಪ್ಟಿನಲ್ಲಿ $( ) ಬರೆದ ಕಡೆಯೆಲ್ಲ ಬ್ಯಾಶ್ ತನ್ನದೇ ಇನ್ನೊಂದು ಪ್ರತಿಯನ್ನು ಹುಟ್ಟಿಸುತ್ತದೆ. ಅದರೊಳಗೆ ಹೊರಗಿನ ಪ್ರೋಗ್ರಾಮ್ ಇದ್ದರೆ ಅದನ್ನೂ ಲೋಡ್ ಮಾಡಬೇಕು. ಬರೀ ಒಂದು ವರ್ಷನ್ ನಂಬರಿಗಾಗಿ ಇಡೀ ನೋಡ್ ಎಬ್ಬಿಸುವುದು ದುಬಾರಿ. ನೀವು ಎನ್‌ವಿಎಂ ಬಳಸುತ್ತಿದ್ದರೆ ಉತ್ತರ ಆಗಲೇ ನಿಮ್ಮ ಕೈಯಲ್ಲಿದೆ. ಎನ್‌ವಿಎಂ_ಬಿನ್ ಅನ್ನುವ ವೇರಿಯಬಲ್ ಎಕೋ ಮಾಡಿ ನೋಡಿ, ಆ ಪಾತಿನ ಕೊನೆಯಲ್ಲಿ ಬಿನ್, ಅದರ ಹಿಂದಿನ ಫೋಲ್ಡರಿನ ಹೆಸರೇ ವರ್ಷನ್. ಬ್ಯಾಶಿನ ಪರ್ಸೆಂಟ್ ಮತ್ತು ಹ್ಯಾಶ್ ಗುರುತುಗಳಿಂದ ಹಿಂದೆ ಮುಂದೆ ಕತ್ತರಿಸಿದರೆ ಸಾಕು, ಒಂದೂ ಪ್ರೋಗ್ರಾಮ್ ಓಡುವುದಿಲ್ಲ.

ಕುಬರ್ನೆಟಿಸ್ ಕಾಂಟೆಕ್ಸ್ಟ್ ಕೂಡ ಹಾಗೇ. ಕುಬ್‌ಕಂಟ್ರೋಲ್ ಅದನ್ನು ಸರ್ವರಿನಿಂದ ತರುವುದಿಲ್ಲ, ನಿಮ್ಮ ಕುಬ್‌ಕಾನ್ಫಿಗ್ ಫೈಲಿನಿಂದ ಓದುತ್ತದೆ. ಆ ಫೈಲು ಬದಲಾಗಿದ್ದರೆ ಮಾತ್ರ ಮತ್ತೆ ಕೇಳಿ, ಇಲ್ಲದಿದ್ದರೆ ಹಿಂದಿನ ಉತ್ತರವನ್ನೇ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಕುಬ್-ಪಿಎಸ್1 ಅನ್ನುವ ರೆಡಿಮೇಡ್ ಸ್ಕ್ರಿಪ್ಟ್ ಮಾಡುವುದೂ ಇದನ್ನೇ. ಕುಬ್‌ಕಾನ್ಫಿಗ್ ವೇರಿಯಬಲ್‌ನಲ್ಲಿ ಎರಡು ಮೂರು ಫೈಲು ಕೊಟ್ಟಿದ್ದರೆ ಎಲ್ಲವನ್ನೂ ನೋಡಬೇಕು, ಆ ವೇರಿಯಬಲ್ಲೇ ಬದಲಾದರೂ ಮತ್ತೆ ಕೇಳಬೇಕು. ನೀವು ಕಣ್ಣಿಟ್ಟು ನೋಡುವ ಭಾಗ ಇದು, ಇಲ್ಲಿ ಹಳೇ ಉತ್ತರ ಬರಲೇಬಾರದು.

ಇವನ್ನೆಲ್ಲ ಪ್ರಾಂಪ್ಟ್_ಕಮಾಂಡಿನಲ್ಲಿ (ಪ್ರತಿ ಪ್ರಾಂಪ್ಟಿಗೂ ಮುಂಚೆ ಬ್ಯಾಶ್ ಓಡಿಸುವುದು ಇದನ್ನು) ಓಡುವ ಒಂದು ಫಂಕ್ಷನ್ ಒಳಗೆ ಹಾಕಿ, ಉತ್ತರಗಳನ್ನು ವೇರಿಯಬಲ್‌ಗಳಲ್ಲಿಟ್ಟು, ಪಿಎಸ್1ರಲ್ಲಿ (ಪ್ರಾಂಪ್ಟ್ ಹೇಗಿರಬೇಕು ಅಂತ ಬರೆದಿಡುವ ವೇರಿಯಬಲ್) ಆ ವೇರಿಯಬಲ್‌ಗಳನ್ನಷ್ಟೇ ಬಳಸಿ. ಫಂಕ್ಷನ್ನಿನ ಮೊಟ್ಟಮೊದಲ ಸಾಲಲ್ಲೇ ಎಕ್ಸಿಟ್ ಕೋಡ್ ಹಿಡಿದಿಟ್ಟುಕೊಳ್ಳಬೇಕು. ಅದಕ್ಕೂ ಮುಂಚೆ ಬೇರೆ ಏನಾದರೂ ಓಡಿದರೆ ಕೆಂಪು ಬಣ್ಣದಲ್ಲಿ ಬರುವುದು ಅದರ ಕೋಡ್.

ತುಂಗೆದಡ:

ಗಿಟ್ ಭಾಗಕ್ಕೆ ಇದಿಷ್ಟು ಸೇರಿಸುತ್ತೇನೆ. ಕ್ಲೋನ್ ಮಾಡಿದ ಮೇಲೂ ದೊಡ್ಡ ರೆಪೊ ದೊಡ್ಡದೇ ಅಲ್ವಾ. ಸ್ಟೇಟಸ್‌ನಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ. ಒಂದು, ಗೊತ್ತಿರುವ ಫೈಲು ಬದಲಾಗಿದೆಯಾ. ಇನ್ನೊಂದು, ಗೊತ್ತಿಲ್ಲದ ಹೊಸ ಫೈಲು ಎಲ್ಲಾದರೂ ಬಂದಿದೆಯಾ. ಎರಡನೆಯದಕ್ಕೆ ಫೋಲ್ಡರುಗಳನ್ನೆಲ್ಲ ತೆರೆದು ನೋಡಬೇಕು. ನಿಮ್ಮ ಸ್ಟಾರ್‌ಗೆ ಮೊದಲನೆಯದು ಸಾಕು ಅನ್ನಿಸಿದರೆ ಅನ್‌ಟ್ರ್ಯಾಕ್ಡ್ ಫೈಲ್ಸ್ ನೋ ಅಂತ ಕೊಡಿ, ತಕ್ಷಣ ವ್ಯತ್ಯಾಸ ಕಾಣುತ್ತದೆ. ಎರಡೂ ಬೇಕು ಅಂದರೆ ಆ ರೆಪೊದಲ್ಲಿ ಕೋರ್ ಡಾಟ್ ಅನ್‌ಟ್ರ್ಯಾಕ್ಡ್‌ಕ್ಯಾಶ್ ಟ್ರೂ ಮಾಡಿ. ಆಗ ಬದಲಾಗದ ಫೋಲ್ಡರುಗಳನ್ನು ಗಿಟ್ ಮತ್ತೆ ತೆರೆಯುವುದಿಲ್ಲ.

ಪ್ರಾಂಪ್ಟಿನಿಂದ ಓಡುವ ಗಿಟ್ ಕಮಾಂಡಿಗೆ ಗಿಟ್_ಆಪ್ಷನಲ್_ಲಾಕ್ಸ್ ಸೊನ್ನೆ ಅಂತ ಕೊಡಿ. ಸ್ಟೇಟಸ್ ಓಡುವಾಗ ಇಂಡೆಕ್ಸನ್ನು ಹೊಸದು ಮಾಡಲು ಲಾಕ್ ಹಾಕಲು ನೋಡುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕಿಟಕಿಯಲ್ಲಿ ಕಮಿಟ್ ಮಾಡುತ್ತಿದ್ದರೆ ಇಂಡೆಕ್ಸ್ ಲಾಕ್ ಆಗಿದೆ ಅಂತ ಅದು ನಿಂತುಬಿಡಬಹುದು.

ಗೋಧೂಳಿ_ಟರ್ಮ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರೆಪೊವನ್ನು ಲಿನಕ್ಸ್ ಕಡೆಗೆ ಕ್ಲೋನ್ ಮಾಡಿದೆ, ಸ್ಟೇಟಸ್ ಈಗ ಕಣ್ಣಿಗೆ ಗೊತ್ತಾಗದಷ್ಟು ಬೇಗ ಮುಗಿಯುತ್ತದೆ. ಎನ್‌ವಿಎಂ_ಬಿನ್ ವಿಷಯ ನಿಜಕ್ಕೂ ಉಪಕಾರ ಆಯಿತು. ಎಂಟರ್ ಒತ್ತಿ ಹಿಡಿದುಕೊಂಡರೆ ಪ್ರಾಂಪ್ಟ್ ಸಾಲುಸಾಲಾಗಿ ಓಡುತ್ತದೆ, ಮೊದಲು ಒಂದೊಂದೇ ಬೀಳುತ್ತಿತ್ತು.

ಒಂದು ಪ್ರಶ್ನೆ. ಬ್ರಾಂಚ್ ಹೆಸರಿಗೂ ಗಿಟ್ ಓಡಿಸದೆ, ಡಾಟ್ ಗಿಟ್ ಒಳಗಿನ ಹೆಡ್ ಫೈಲನ್ನು ಬ್ಯಾಶಿನ ರೀಡ್ ಕಮಾಂಡಿನಿಂದ ನೇರವಾಗಿ ಓದಿ ಪಿಎಸ್1ಗೆ ಸೇರಿಸಿದರೆ ಹೇಗೆ?

ತುಂಗೆದಡ:

ಓದಬಹುದು, ವೇಗವೂ ಇದೆ. ಆದರೆ ವರ್ಕ್‌ಟ್ರೀ (ಒಂದೇ ರೆಪೊಗೆ ಇನ್ನೊಂದು ಕೆಲಸದ ಫೋಲ್ಡರ್) ಬಳಸಿದರೆ ಡಾಟ್ ಗಿಟ್ ಅನ್ನುವುದು ಫೋಲ್ಡರ್ ಆಗಿರುವುದಿಲ್ಲ, ನಿಜವಾದ ಜಾಗ ಬರೆದಿರುವ ಒಂದು ಫೈಲ್ ಆಗಿರುತ್ತದೆ. ಗಿಟ್ 2.45ರಿಂದ ಬ್ರಾಂಚ್ ಹೆಸರುಗಳನ್ನು ಇಡುವ ರೆಫ್‌ಟೇಬಲ್ ಅನ್ನುವ ಹೊಸ ರೀತಿಯೂ ಬಂದಿದೆ, ಅಂಥ ರೆಪೊದಲ್ಲಿ ಹೆಡ್ ಫೈಲಿನಲ್ಲಿ ನಿಜವಾದ ಬ್ರಾಂಚ್ ಹೆಸರು ಇರುವುದೇ ಇಲ್ಲ. ಹೇಗೂ ಸ್ಟೇಟಸ್ ಓಡಿಸುತ್ತಿದ್ದೀರಿ, ಅದಕ್ಕೇ ಪೋರ್ಸಲೇನ್ ವಿ2 ಮತ್ತು ಬ್ರಾಂಚ್ ಅಂತ ಎರಡು ಆಪ್ಷನ್ ಕೊಟ್ಟರೆ ಬ್ರಾಂಚ್ ಹೆಸರು, ಬದಲಾವಣೆ ಎರಡೂ ಒಂದೇ ಓಟದಲ್ಲಿ ಬರುತ್ತವೆ. ನಾನಾದರೆ ಅದನ್ನೇ ಮಾಡುತ್ತೇನೆ.

ಪಿಎಸ್1ಗೆ ಸೇರಿಸುವಾಗ ದಯವಿಟ್ಟು ಇದೊಂದನ್ನು ಗಮನದಲ್ಲಿಡಿ. ಬ್ರಾಂಚ್ ಹೆಸರಿನಲ್ಲಿ ಡಾಲರ್ ಗುರುತು, ಬ್ರಾಕೆಟ್ ಇರಲು ಗಿಟ್ ಬಿಡುತ್ತದೆ. ನೀವು ಡಬಲ್ ಕೋಟ್ ಬಳಸಿ ಹೆಸರನ್ನೇ ಪಿಎಸ್1 ಒಳಗೆ ತುಂಬಿಸಿದರೆ, ಬ್ಯಾಶ್ ಪ್ರಾಂಪ್ಟ್ ತೋರಿಸುವಾಗ ಅದನ್ನು ಮತ್ತೊಮ್ಮೆ ಬಿಡಿಸಿ ಓದುತ್ತದೆ, ಹೆಸರಿನಲ್ಲಿರುವ ಕಮಾಂಡ್ ಓಡಿಬಿಡುತ್ತದೆ. ಯಾರದೋ ರೆಪೊ ಕ್ಲೋನ್ ಮಾಡಿ ಒಳಗೆ ಹೋದರೆ ಸಾಕು, ಬೇರೇನೂ ಮಾಡಬೇಕಿಲ್ಲ. ಪಿಎಸ್1 ಅನ್ನು ಸಿಂಗಲ್ ಕೋಟಿನಲ್ಲಿ ಬರೆದು, ಒಳಗೆ ವೇರಿಯಬಲ್ ಹೆಸರು ಮಾತ್ರ ಇಡಿ. ಆಗ ಅದರ ಬೆಲೆ ಬರೀ ಅಕ್ಷರವಾಗಿ ಬೀಳುತ್ತದೆ, ಮತ್ತೆ ಓಡುವುದಿಲ್ಲ.

ಮಳೆಬಿಲ್ಲು_ಶೆಲ್:

ತಡವಾಗಿ ಬಂದೆ. ರೆಪೊ ಜಾಗ ಬದಲಿಸಲು ಆಗದವರು ಯಾರಾದರೂ ಇದನ್ನು ಓದುತ್ತಿದ್ದರೆ ಬ್ಯಾಶ್ ಬದಲು ಝೆಡ್‌ಶೆಲ್ ಅನ್ನುವ ಶೆಲ್ ಕಡೆ ನೋಡಿ. ಪ್ಯೂರ್ ಅನ್ನುವ ಪ್ರಾಂಪ್ಟ್ ಗಿಟ್ ಕೆಲಸವನ್ನು ಹಿನ್ನೆಲೆಯಲ್ಲಿ ಮಾಡುತ್ತದೆ. ಪ್ರಾಂಪ್ಟ್ ಮೊದಲೇ ಬಂದಿರುತ್ತದೆ, ನೀವು ಟೈಪ್ ಮಾಡುತ್ತಿರುವಾಗಲೇ ಸ್ಟಾರ್ ಬಂದು ಸೇರುತ್ತದೆ.

ಸಾಲುಮರ:

ಹೌದು, ಅದು ಚೆನ್ನಾಗಿದೆ. ಆದರೆ ಅಲ್ಲಿಯವರೆಗೆ ಕಾಣುವುದು ಹಳೇ ಸ್ಥಿತಿ. ಗಿಟ್ ಸ್ಟಾರ್‌ಗೆ ಪರವಾಗಿಲ್ಲ. ಕುಬರ್ನೆಟಿಸ್ ಕಾಂಟೆಕ್ಸ್ಟನ್ನು ಮಾತ್ರ ಹಿನ್ನೆಲೆಗೆ ಹಾಕಬೇಡಿ, ಅದು ಪ್ರಾಂಪ್ಟಿನ ಜೊತೆಗೇ ಬರಲಿ.