ಡೊಮಿನಿಕಾದಿಂದ ಸೇಂಟ್ ಲೂಸಿಯಾಗೆ ಫೆರ್ರಿ: ವೀಸಾ ವಿಚಾರದಲ್ಲಿ ಸಹಾಯ ಬೇಕು

ನಮಸ್ಕಾರ. ನಾನು, ನನ್ನ ಹೆಂಡತಿ ಕೆರಿಬಿಯನ್ ದ್ವೀಪಗಳನ್ನು ನಿಧಾನವಾಗಿ ಸುತ್ತುತ್ತಿದ್ದೇವೆ. ಈಗ ಡೊಮಿನಿಕಾದ ರೋಸೋದಲ್ಲಿದ್ದೇವೆ. ಕೆಂಡದಲ್ಲಿ ಸುಟ್ಟ ಜೀಗುಜ್ಜೆ ಸಿಗುವ ಊರು, ಬಿಟ್ಟು ಹೋಗಲು ಮನಸ್ಸೇ ಇಲ್ಲ! ಆದರೆ ಜೂನ್‌ನಿಂದ ಚಂಡಮಾರುತದ ಕಾಲ. ಅಷ್ಟರೊಳಗೆ ದಕ್ಷಿಣಕ್ಕೆ ಹೋಗಬೇಕು.

ವಿಮಾನ ತುಂಬಾ ದುಬಾರಿ. ಫೆರ್ರಿ ಮಾರ್ಟಿನಿಕ್‌ನಲ್ಲಿ ನಿಂತು ಹೋಗುತ್ತದೆ. ಅದು ಫ್ರಾನ್ಸ್‌ನದೇ ಭಾಗ, ಆದರೆ ಷೆಂಗೆನ್ ವಲಯಕ್ಕೆ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು) ಸೇರಿಲ್ಲ. ಹಾಗಾಗಿ ನಮ್ಮ ಮಾಮೂಲಿ ಷೆಂಗೆನ್ ವೀಸಾ ಅಲ್ಲಿ ನಡೆಯಲ್ಲ. ಟಿಕೆಟ್ ಕೌಂಟರ್‌ನಲ್ಲಿ ಒಬ್ಬರು 'ಹಡಗಿನಲ್ಲೇ ಕೂತಿದ್ದರೆ ಸಾಕು' ಅಂದರು, ಇನ್ನೊಬ್ಬರು 'ಎಲ್ಲರೂ ಇಳಿಯಲೇಬೇಕು' ಅಂದರು. ಇಮೇಲ್‌ಗೆ ಉತ್ತರವೇ ಇಲ್ಲ.

ಭಾರತದ ಪಾಸ್‌ಪೋರ್ಟ್‌ನಲ್ಲಿ ಈ ದಾರಿಯಾಗಿ ಹೋದವರು ಯಾರಾದರೂ ಇದ್ದೀರಾ? ಮಾರ್ಟಿನಿಕ್ ದಾಟಿ ಹೋಗುವುದಕ್ಕಷ್ಟೇ ನಿಮ್ಮ ಹತ್ತಿರ ಫ್ರಾನ್ಸ್ ವೀಸಾ ಕೇಳಿದರಾ?