ಪ್ರೇಮಿಗಳ ದಿನಕ್ಕೆ ಫೆಲ್ಟ್ ತೋರಣ: ಕಡಲ ಹವೆಯಲ್ಲಿ ಬಾಳುವಂತೆ ಮಾಡುವುದು ಹೇಗೆ?

ಕೇಳಿದವರು, ಕಾರವಾರ:
ಫೆಬ್ರುವರಿ 14ರ ಪ್ರೇಮಿಗಳ ದಿನಕ್ಕೆ ಮನೆಯ ಬಾಗಿಲು, ಕಿಟಕಿಗಳಿಗೆ ಫೆಲ್ಟ್ ಬಟ್ಟೆಯ ಹೃದಯಗಳ ತೋರಣವನ್ನು ಕೈಯಾರೆ ಮಾಡಬೇಕೆಂದಿದ್ದೇನೆ. ಮದುವೆಯಾದ ಮೇಲೆ ಇದೇ ಮೊದಲ ವರ್ಷ. ನಮ್ಮ ಯಜಮಾನರು ಕೈಗಾದಲ್ಲಿ ಪಾಳಿಯ ಕೆಲಸದಲ್ಲಿದ್ದಾರೆ. ಮನೆ ಕಡಲಿಗೆ ಹತ್ತಿರವಿರುವುದರಿಂದ ಕಾಗದದ ಅಲಂಕಾರ ಬಹುಬೇಗ ಮುದುಡುತ್ತದೆ. ಯಾವ ಫೆಲ್ಟ್ ಕೊಳ್ಳಬೇಕು, ಅಂಟಿಸಬೇಕೋ ಹೊಲಿಯಬೇಕೋ, ಒಳಗೆ ಏನನ್ನು ತುಂಬಬೇಕು ಎಂಬುದನ್ನು ಮಾಡಿ ತಿಳಿದವರು ದಯವಿಟ್ಟು ಹೇಳಿಕೊಡಿ.

ಶಿರಸಿಯಿಂದ:
ತಂಗಿ, ಫೆಲ್ಟಿನ ಬೊಂಬೆ, ತೋರಣಗಳನ್ನು ಹಲವು ವರ್ಷಗಳಿಂದ ಹೊಲಿಯುತ್ತ ಬಂದವಳಾಗಿ ನನ್ನ ಮೊದಲ ಮಾತು: ಅಂಟನ್ನು ನಂಬಬೇಡಿ, ಹೊಲಿಯಿರಿ. ಬಿಳಿ ಅಂಟು ತೆಳುವಾದ ಫೆಲ್ಟಿನೊಳಗೆ ಇಳಿದು ಮೇಲ್ಮೈಯಲ್ಲಿ ಗಟ್ಟಿಯಾದ ಕಲೆಯನ್ನು ಉಳಿಸುತ್ತದೆ. ಬಿಸಿ ಅಂಟು ಬಿಸಿಲು ಬೀಳುವ ಕಿಟಕಿಯಲ್ಲಿ ಮೆತ್ತಗಾಗಿ ತುಂಡುಗಳು ಕಳಚುತ್ತವೆ. ಫೆಲ್ಟ್ ನೇಯ್ದ ಬಟ್ಟೆಯಲ್ಲವಾದ್ದರಿಂದ ಕತ್ತರಿಸಿದ ಅಂಚಿನಿಂದ ಎಳೆ ಬಿಡುವುದಿಲ್ಲ, ಅಂಚು ಮಡಚುವ ಶ್ರಮವೂ ಇಲ್ಲ. ಹೀಗಾಗಿ ಹೊಲಿಗೆ ಹೊಸದಾಗಿ ಕಲಿಯುವವರ ಕೈಗೂ ಇದು ಒಗ್ಗುತ್ತದೆ.

ಉಣ್ಣೆಯ ಫೆಲ್ಟ್ ನೋಡಲು ಬಹಳ ಚೆಂದ. ಕುರಿಯುಣ್ಣೆಯ ಎಳೆಗಳ ಮೇಲೆ ಸೂಕ್ಷ್ಮವಾದ ಪೊರೆಗಳಿದ್ದು, ಬಿಸಿನೀರಿನಲ್ಲಿ ಉಜ್ಜಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದಂತೆ ಹೆಣೆದುಕೊಳ್ಳುತ್ತವೆ; ಕಾಶ್ಮೀರದ ನಮ್ದಾ ಹಾಸುಗಳು ಹೀಗೆಯೇ ಆಗುತ್ತವೆ. ಆದರೆ ಉಣ್ಣೆ ತೇವವನ್ನು ಹೀರುತ್ತದೆ, ಅದಕ್ಕೆ ನುಸಿಯ ಕಾಟವೂ ಉಂಟು. ಕಾರವಾರದ ಮನೆಗೆ ಪಾಲಿಯೆಸ್ಟರ್ ಫೆಲ್ಟೇ ಸರಿ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಅಂಗಡಿಯವರು ಉಣ್ಣೆಯದೆಂದು ಹೇಳಿ ಕೊಟ್ಟದ್ದರಲ್ಲಿ ಸಂಶಯವಿದ್ದರೆ ಒಂದು ಚೂರನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ: ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅದೇ ಕಾರಣಕ್ಕೆ ಇಸ್ತ್ರಿ ಮಾಡುವಾಗ ಮೇಲೊಂದು ಹತ್ತಿಬಟ್ಟೆಯನ್ನು ಹಾಸಿ, ಶಾಖವನ್ನು ಕಡಿಮೆ ಇಡಬೇಕು.

ಹೃದಯದ ಆಕಾರಕ್ಕೆ ಕಾಗದವನ್ನು ಎರಡಾಗಿ ಮಡಚಿ ಅರ್ಧವನ್ನು ಮಾತ್ರ ಬರೆದು ಕತ್ತರಿಸಿದರೆ ಎರಡು ಬದಿಯೂ ಸಮವಾಗುತ್ತವೆ. ಏಳೆಂಟು ಸೆಂಟಿಮೀಟರ್ ಎತ್ತರ ತೋರಣಕ್ಕೆ ಸಾಕು. ಗಾಢ ಕೆಂಪಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕದೆ, ಸವೆದ ಸಾಬೂನಿನ ಚೂರಿನಲ್ಲಿ ಬರೆಯಿರಿ. ಕಸೂತಿ ದಾರದ ಆರು ಎಳೆಗಳಲ್ಲಿ ಎರಡನ್ನು ಮಾತ್ರ ಬಿಡಿಸಿಕೊಳ್ಳಿ. ಒಂದು ಮೊಳಕ್ಕಿಂತ ಉದ್ದವಾದರೆ ದಾರ ಗಂಟಾಗುತ್ತದೆ. ಎರಡು ತುಂಡುಗಳನ್ನು ಜೋಡಿಸಿ ಅಂಚಿಗೆ ಬ್ಲಾಂಕೆಟ್ ಹೊಲಿಗೆ (ಪ್ರತಿ ಸಲವೂ ಸೂಜಿಯನ್ನು ದಾರದ ಕುಣಿಕೆಯೊಳಗಿಂದ ಎಳೆದು, ದಾರ ಅಂಚಿನುದ್ದಕ್ಕೂ ಕೂರುವಂತೆ ಹಾಕುವ ಹೊಲಿಗೆ) ಹಾಕುತ್ತ ಬಂದು, ಒಂದು ಪಕ್ಕದಲ್ಲಿ ಎರಡು ಬೆರಳಿನಷ್ಟು ಜಾಗವನ್ನು ಬಿಟ್ಟು, ಅಲ್ಲಿಂದ ತುಂಬಿಸಬೇಕು. ಕೆಳಗಿನ ಚೂಪನ್ನು ಮೊದಲು ಪೆನ್ಸಿಲಿನ ಮೊಂಡು ತುದಿಯಿಂದ ತುಂಬಿಸದಿದ್ದರೆ ಅದು ಕೊನೆಯವರೆಗೂ ಜೊಳ್ಳಾಗಿಯೇ ಉಳಿಯುತ್ತದೆ.

ಕುಮಟಾದಿಂದ:
ಶಿರಸಿಯ ಅಕ್ಕ ತುಂಬುವ ವಸ್ತುವಿನ ಬಗ್ಗೆ ಹೇಳಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ಸಾಧಾರಣ ಹತ್ತಿ ನಮ್ಮ ಹವೆಯಲ್ಲಿ ತೇವ ಹಿಡಿದು ಗಂಟುಗಂಟಾಗುತ್ತದೆ. ಬೂರುಗದ ಹತ್ತಿಯ ಎಳೆಗೆ ಮೇಣದಂಥ ಲೇಪ ಸಹಜವಾಗಿಯೇ ಇರುವುದರಿಂದ ಅದು ನೀರನ್ನು ಸುಲಭವಾಗಿ ಹೀರುವುದಿಲ್ಲ, ಬಲು ಹಗುರವೂ ಹೌದು. ಹಳೆಯ ತಲೆದಿಂಬಿನಲ್ಲಿದ್ದರೆ ಬಿಸಿಲಿಗೆ ಹಾಕಿ ಬಳಸಬಹುದು. ಅದರ ನವಿರಾದ ಧೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳುವುದು ಅಗತ್ಯ. ಜೊತೆಗೆ ಗ್ರಂಥಿಗೆ ಅಂಗಡಿಯ ಲಾವಂಚದ ಬೇರನ್ನು ಸಣ್ಣಗೆ ಕತ್ತರಿಸಿ ನಡುವೆ ಇಟ್ಟರೆ, ಯಜಮಾನರು ರಾತ್ರಿಪಾಳಿ ಮುಗಿಸಿ ಬಾಗಿಲು ತೆರೆದಾಗ ತೋರಣಕ್ಕಿಂತ ಮೊದಲು ಅದರ ಪರಿಮಳವೇ ಎದುರಾಗುತ್ತದೆ.

ಕಾರವಾರದಿಂದ:
ನಾನೂ ಕಡಲ ಬದಿಯವಳೇ ಆದ್ದರಿಂದ ನೇತುಹಾಕುವ ವಿಚಾರವನ್ನಷ್ಟೇ ಬರೆಯುತ್ತೇನೆ. ಕಬ್ಬಿಣದ ಗುಂಡುಪಿನ್ನು, ತಂತಿಗಳು ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿದು ಫೆಲ್ಟಿನ ಮೇಲೆ ಹೋಗದ ಕಲೆಯನ್ನು ಮಾಡುತ್ತವೆ. ತೆಂಗಿನ ನಾರಿನ ಸಣ್ಣ ಹುರಿಯೇ ಕೆಂಪು ಬಣ್ಣಕ್ಕೆ ಹೆಚ್ಚು ಒಪ್ಪುತ್ತದೆ. ಹೃದಯಗಳ ನಡುವೆ ಗುಲಾಬಿಗಳನ್ನೂ ಪೋಣಿಸಿ: ಎಂಟು ಸೆಂಟಿಮೀಟರ್ ಅಗಲದ ವೃತ್ತವನ್ನು ಸುರುಳಿಯಾಗಿ ಕತ್ತರಿಸಿ, ಹೊರತುದಿಯಿಂದ ಸುತ್ತುತ್ತ ಬಂದು, ಕೊನೆಗೆ ಉಳಿಯುವ ನಡುವಿನ ಬಿಲ್ಲೆಯನ್ನು ತಳಕ್ಕೆ ಹೊಲಿದರೆ ಗುಲಾಬಿ ಸಿದ್ಧ. ನನಗಂತೂ ಬಿಳಿ ಫೆಲ್ಟಿನಲ್ಲಿ ಭಟ್ಕಳ ಮಲ್ಲಿಗೆಯ ಮೊಗ್ಗುಗಳನ್ನು ಮಾಡಿ ನಡುನಡುವೆ ಇಡುವುದು ಇನ್ನೂ ಇಷ್ಟ, ಏಕೆಂದರೆ ಅದು ನಮ್ಮ ಮುಡಿಯ ಹೂವು. ಹಬ್ಬ ಮುಗಿದ ಮೇಲೆ ತೋರಣವನ್ನು ಚೆನ್ನಾಗಿ ಗಾಳಿಗೆ ಹಾಕಿ, ಮಳೆಗಾಲಕ್ಕೆ ಮುಂಚೆಯೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟರೆ ಬೂಸ್ಟು ಹಿಡಿಯುವುದಿಲ್ಲ.