ಬೆಟಗೇರಿ ಬಳಗದಲ್ಲಿ ಪಾಸ್ಟರ್ ಪಂಚಾಯ್ತಿ

ನಮ್ಮ ಗುಂಪಿನ ಹೆಸರು 'ಬೆಟಗೇರಿ ಬಳಗ'. ಒಟ್ಟು 34 ಜನ. ಅಜ್ಜನ ಕಾಲಕ್ಕೆ ಬಾಸೆಲ್ ಮಿಶನ್, ಈಗ ಎಲ್ಲರೂ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ), ಡಲ್ಲಾಸಿಗೆ ಹೋದ ಪ್ರಕಾಶಣ್ಣ ಮಾತ್ರ ಬ್ಯಾಪ್ಟಿಸ್ಟ್. ದಿನಾ ಬೆಳಿಗ್ಗೆ ದೊಡ್ಡಪ್ಪ ದಿನದ ವಾಕ್ಯ ಹಾಕುತ್ತಾರೆ, ಉಳಿದವರು ಕೈ ಮುಗಿದು ಕಾಫಿಗೆ ಹೋಗುತ್ತಾರೆ. 2025ರ ಜೂನ್ 12, ಗುರುವಾರ, ವಾಕ್ಯ ಬರುವ ಮೊದಲೇ ಪ್ರಕಾಶಣ್ಣನ ಲಿಂಕ್ ಬಂತು. ಮನೆಯವರನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಶುಭೋದಯ, ಆಮೆನ್, ಅಳಿಸಿದ ಮೆಸೇಜುಗಳನ್ನು ತೆಗೆದಿದ್ದೇನೆ.

ಪ್ರಕಾಶ (ಡಲ್ಲಾಸ್), 6.42
[ಲಿಂಕ್: ಸದರ್ನ್ ಬ್ಯಾಪ್ಟಿಸ್ಟ್ ವಾರ್ಷಿಕ ಸಭೆ, ಮಹಿಳಾ ಪಾಸ್ಟರ್ ತಿದ್ದುಪಡಿಗೆ ಮತ್ತೆ ಸೋಲು]
ನಮ್ಮೂರಾಗಽ ನಡೀತು. ಹೌದು 3,421, ಇಲ್ಲ 2,191. ಮೂರರಾಗ ಎರಡು ಪಾಲು ಬೇಕಿತ್ತು, 60.74ಕ್ಕ ನಿಂತು. ಬ್ಯಾಸರ ಆತು.

(ಸದರ್ನ್ ಬ್ಯಾಪ್ಟಿಸ್ಟ್ ಅಂದರೆ ಅಮೆರಿಕದ ಚರ್ಚುಗಳ ಒಂದು ದೊಡ್ಡ ಒಕ್ಕೂಟ. ಹೆಂಗಸರನ್ನು ಪಾಸ್ಟರ್, ಅಂದರೆ ಪಾದ್ರಿ, ಮಾಡಿದ ಸಭೆಯನ್ನು ಒಕ್ಕೂಟದಲ್ಲಿ ಇಟ್ಟುಕೊಳ್ಳಬಾರದು ಅಂತ ಸಂವಿಧಾನ ತಿದ್ದುವ ಪ್ರಯತ್ನ ಅದು. ಸಭೆ ಅಂದರೆ ನಮ್ಮ ಮಾತಿನಲ್ಲಿ ಒಂದೊಂದು ಚರ್ಚು.)

ದೊಡ್ಡಪ್ಪ, 6.58
ಎರಡೂ ಕೂಡಿದ್ರ 5,612. ಅದರಾಗ 3,421 ಅಂದ್ರ 60.96 ಆಗ್ತೈತಿ. 60.74 ಎಲ್ಲಿಂದ ಬಂತು?

ಪ್ರಕಾಶ, 7.01
ಕುಲಗೆಟ್ಟ ಮತಾನೂ ಸೇರಿಸಿ ಲೆಕ್ಕಾ ಹಾಕ್ಯಾರ ಅಪ್ಪಾ. ಒಂದಿಪ್ಪತ್ತು ಅದಾವು.

ದೊಡ್ಡಪ್ಪ, 7.02
ಹಾಂ. ಹಂಗಾದ್ರ ಸರಿ.

(ದೊಡ್ಡಪ್ಪ 31 ವರ್ಷ ಗಣಿತ ಮೇಷ್ಟ್ರು. ಲೆಕ್ಕ ಕೂಡದೆ ಅವರು ಯಾವ ಜಗಳಕ್ಕೂ ಇಳಿಯುವುದಿಲ್ಲ.)

ಶಾಂತಾ ಅತ್ತಿ (ಹುಬ್ಬಳ್ಳಿ), 7.10
ಬ್ಯಾಸರ ಯಾಕೋ ಪ್ರಕಾಶ? ಹೆಂಗಸರನ್ನ ಹೊರಗ ಹಾಕೂ ಕಾಯ್ದೆ ಬಿದ್ದಿದ್ದು ಛಲೋ ಆತಲ್ಲ.

ದೊಡ್ಡಪ್ಪ, 7.13
ಛಲೋ ಹೆಂಗ? ಪೌಲ ತಿಮೊಥೆಗೆ ಬರದ ಮೊದಲನೇ ಪತ್ರ, ಎರಡನೇ ಅಧ್ಯಾಯ, ಹನ್ನೆರಡನೇ ವಚನ ಓದು. ಉಪದೇಶ ಮಾಡಾಕ, ಪುರುಷರ ಮ್ಯಾಲ ಅಧಿಕಾರ ನಡಸಾಕ ಸ್ತ್ರೀಗೆ ಅಪ್ಪಣಿ ಇಲ್ಲ. ಮುಗೀತು.

ನಾನು, 7.21
ದೊಡ್ಡಪ್ಪ, ಮೊದಲು ಒಂದು ವಿಷಯ. ತಿದ್ದುಪಡಿ ಬಿದ್ದ ಮಾತ್ರಕ್ಕೆ ಅಲ್ಲಿ ಹೆಂಗಸರಿಗೆ ಬಾಗಿಲು ತೆರೆಯಲಿಲ್ಲ. ಪಾಸ್ಟರ್ ಹುದ್ದೆ ಗಂಡಸರಿಗೆ ಮಾತ್ರ ಅಂತ 2000ನೇ ಇಸವಿಯಲ್ಲೇ ಅವರ ನಂಬಿಕೆಯ ಪ್ರಕಟಣೆಗೆ ಸೇರಿದೆ. ಇಂಥ ನಿಲುವುಗಳಿಗೇ ಬೇಸತ್ತು ಆ ವರ್ಷ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಆ ಒಕ್ಕೂಟದಿಂದ ದೂರ ಸರಿದರು. ಈಗ ಬಿದ್ದದ್ದು ಅದನ್ನೇ ಸಂವಿಧಾನಕ್ಕೆ ತರುವ ಪ್ರಯತ್ನ. ಕಳೆದ ವರ್ಷ ಇಂಡಿಯಾನಾಪೊಲಿಸ್‌ನಲ್ಲೂ 61ಕ್ಕೆ ನಿಂತಿತ್ತು. ತಿದ್ದುಪಡಿ ಇಲ್ಲದೆಯೇ ಹೊರಗೆ ಹಾಕುವ ಕೆಲಸ ಚೆನ್ನಾಗಿ ನಡೀತಿದೆ.

ಡೇವಿಡ್ (ಪುಣೆ), 7.25
ಒಂದು ನಿಮಿಷ. ಬ್ಯಾಪ್ಟಿಸ್ಟರಾಗ ಬಿಷಪ್ಪೂ ಇಲ್ಲ, ಮ್ಯಾಲೆ ಕುಂತು ಆಳೂ ಸಿನಡ್ಡೂ ಇಲ್ಲ ಅಂತ ಪ್ರಕಾಶಣ್ಣ ಹಿಂದೊಮ್ಮೆ ಎದಿ ತಟ್ಕೊಂಡು ಹೇಳಿದ್ದ. ಹೊರಗ ಹಾಕೋರು ಯಾರು ಮತ್ತ?

ಪ್ರಕಾಶ, 7.34
ಹೌದು, ಪ್ರತಿ ಸಭೆ ಸ್ವತಂತ್ರ. ಪಾಸ್ಟರನ್ನ ಆರಿಸೋದು, ತಗಿಯೋದು, ಕಟ್ಟಡ, ರೊಕ್ಕ ಎಲ್ಲಾ ಸಭೆದಽ. ನಮ್ಮಲ್ಲಿ ಬಿಷಪ್ ವರ್ಗಾ ಮಾಡಿದ ಕೂಡಲೇ ಗಂಟು ಕಟ್ಟೂ ಪಾದ್ರಿ ಇಲ್ಲ. ಸುಮಾರು 47 ಸಾವಿರ ಸಭೆ ಮಿಶನರಿ ಕೆಲಸಕ್ಕ, ಸೆಮಿನರಿಗೆ ರೊಕ್ಕ ಕೂಡಿಸಾಕ ಒಂದಾಗ್ಯಾವು, ಅಷ್ಟಽ. ವರ್ಷಕ್ಕೊಮ್ಮೆ ಸಭೆಗಳು ಕಳಿಸಿದ ಪ್ರತಿನಿಧಿಗಳು ಮತ ಹಾಕ್ತಾರ. ಒಂದು ಸಭೆ ನಮ್ಮ ನಂಬಿಕಿಗೆ ಒಪ್ಪೂ ಹಂಗ ಇಲ್ಲ ಅಂದ್ರ 'ನೀವು ನಮ್ಮ ಕೂಡ ಇಲ್ಲ' ಅಂತಾರ. ಅದು ತನ್ನ ಪಾಡಿಗೆ ನಡೀತಾನಽ ಇರ್ತೈತಿ. ಯಾರೂ ಬೀಗ ಹಾಕೂದಿಲ್ಲ.

ಶಾಂತಾ ಅತ್ತಿ, 7.36
ನಮ್ಮ ಕಡೆ ಅದಕ್ಕ ಬಹಿಷ್ಕಾರ ಅಂತಾರಪಾ. ಅಲ್ಲೂ ಮನಿಗೆ ಬೀಗ ಹಾಕೂದಿಲ್ಲ, ಬೆಂಕಿ ನೀರು ಕೊಡೂದಿಲ್ಲ ಅಷ್ಟಽ.

ನಾನು, 7.45
2023ರಲ್ಲಿ ನ್ಯೂ ಆರ್ಲಿಯನ್ಸ್‌ನ ವಾರ್ಷಿಕ ಸಭೆಯಲ್ಲಿ, ಹೆಂಗಸರನ್ನು ಪಾಸ್ಟರ್ ಮಾಡಿ ಹೊರಬಿದ್ದಿದ್ದ ಸ್ಯಾಡಲ್‌ಬ್ಯಾಕ್ ಸಭೆ, ರಿಕ್ ವಾರೆನ್ ಕಟ್ಟಿದ್ದು, ಮೇಲ್ಮನವಿ ಹಾಕಿತ್ತು. ಹೊರಗೇ ಇರಲಿ ಅಂದವರು 9,437, ಒಳಗಿರಲಿ ಅಂದವರು 1,212. ಅದು ದೊಡ್ಡ ಕುಳ, ಬಿಡಿ, ಬದುಕುತ್ತದೆ. ನನಗೆ ಕರುಳು ಚುರ್ ಅಂದದ್ದು ಲೂಯಿವಿಲ್‌ನ ಫರ್ನ್ ಕ್ರೀಕ್ ಸಭೆಯ ವಿಷಯಕ್ಕೆ. ಅಲ್ಲಿ ಲಿಂಡಾ ಬಾರ್ನ್ಸ್ ಪಾಪಮ್ 1993ರಿಂದ ಪಾಸ್ಟರ್. ಮೂವತ್ತು ವರ್ಷ ಸುಮ್ಮನಿದ್ದವರಿಗೆ ಆ ವರ್ಷ ವಚನ ನೆನಪಾಯಿತು. 9,700 ಮತಕ್ಕೆ 806. ಮರುವರ್ಷ ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಸಭೆ. ಅಲ್ಲಿ ಮುಖ್ಯ ಪಾಸ್ಟರ್ ಗಂಡಸೇ. ಮಕ್ಕಳ ಮತ್ತು ಹೆಂಗಸರ ಪಾಸ್ಟರ್ ಒಬ್ಬ ಹೆಂಗಸು, ಮುಂದೆ ಮುಖ್ಯ ಪಾಸ್ಟರ್ ಹೆಂಗಸಾದರೂ ತಪ್ಪಿಲ್ಲ ಅಂತ ಆ ಸಭೆ ಒಪ್ಪಿಕೊಂಡಿತ್ತು. 6,759 ಮತದಿಂದ ಹೊರಗೆ.

ಪ್ರಕಾಶ, 7.52
ನೀ ಬರೇ ಮತ ಎಣಿಸಾಕತ್ತಿ. ವಾಕ್ಯಕ್ಕ ಏನಂತಿ? ಪೌಲ ಆ ಮಾತಿಗೆ ಕಾರಣಾನೂ ಕೊಟ್ಟಾನ: ಮೊದಲು ಆದಾಮ, ಆಮ್ಯಾಲ ಹವ್ವ. ತಿಮೊಥೆ ಇದ್ದ ಎಫೆಸದ ಸಭ್ಯಾಗ ಏನೋ ಗದ್ಲ ಇತ್ತು, ಅದಕ್ಕಽ ಹೇಳ್ದ ಅಂದ್ರ ಸೃಷ್ಟಿ ತನಕ ಯಾಕ ಹೋಗ್ತಿದ್ದ?

(ಇದು ಆ ಕಡೆಯವರ ಗಟ್ಟಿ ವಾದ. ಉತ್ತರ ಹೊಳೆಯಲು ನನಗೆ ಒಂದು ಲೋಟ ಕಾಫಿ ಬೇಕಾಯಿತು. ಅಷ್ಟರಲ್ಲಿ ಅತ್ತಿ ನುಗ್ಗಿದರು.)

ಶಾಂತಾ ಅತ್ತಿ, 7.55
ಅದಽ ಅಧ್ಯಾಯದಾಗ ಒಂಬತ್ತನೇ ವಚನ ಓದು. ಜಡಿ, ಬಂಗಾರ, ಮುತ್ತು ಬ್ಯಾಡ ಅಂತ ಐತಿ. ಅಣ್ಣಾ, ಪ್ರಕಾಶನ ಮದುವ್ಯಾಗ ಸೊಸಿಗೆ ಎಷ್ಟು ತೊಲಿ ಹಾಕಿದ್ದಿ?

ದೊಡ್ಡಪ್ಪ, 7.57
ಅದು ಆ ಕಾಲದ ರೀತಿಗೆ ಹೇಳಿದ್ದು.

ಡೇವಿಡ್, 7.57
ಒಂಬತ್ತು ಆ ಕಾಲದ್ದು, ಹನ್ನೆರಡು ಎಲ್ಲಾ ಕಾಲದ್ದು. ನಡುವ ಎರಡಽ ವಚನ ಅದಾವು, ಬಾಳ ಜೋರಾಗಿ ಓಡೇತಿ ಕಾಲ 😂

ನಾನು, 8.09
ಪ್ರಕಾಶಣ್ಣ, ನಿನ್ನ ಪ್ರಶ್ನೆ ದೊಡ್ಡದೇ. ಆದರೆ ಅದೇ ಪೌಲ ಕೊರಿಂಥದವರಿಗೆ ಬರೆಯುವಾಗ ಹೆಂಗಸರು ಸಭೆಯಲ್ಲಿ ಪ್ರಾರ್ಥನೆ, ಪ್ರವಾದನೆ ಮಾಡುವಾಗ ತಲೆಗೆ ಮುಸುಕಿರಲಿ ಅನ್ನುತ್ತಾನೆ. ಬಾಯಿ ಮುಚ್ಚಿ ಅನ್ನಲಿಲ್ಲ. ರೋಮಾಪುರದ ಪತ್ರದ ಕೊನೇ ಅಧ್ಯಾಯದಲ್ಲಿ ಮೊದಲ ಹೆಸರೇ ಫೊಯಿಬೆ. ನಮ್ಮ ಕನ್ನಡದಲ್ಲಿ 'ಸಭೆಯ ಸೇವಕಳು' ಅಂತ ಓದಿ ಮುಂದೆ ಹೋಗುತ್ತೇವೆ. ಗ್ರೀಕಿನಲ್ಲಿ ಆಕೆಗೆ ಇರುವ ಪದ, ಗಂಡಸರಾದರೆ 'ಸಭಾಸೇವಕ' ಅಂತ ಹುದ್ದೆ ಮಾಡಿ ಓದುವ ಪದವೇ. ಗಂಡಸಿಗೆ ಹುದ್ದೆ, ಹೆಂಗಸಿಗೆ ಕೆಲಸ. ನನ್ನ ತಕರಾರು ಇಷ್ಟೇ.

ಪ್ರಕಾಶ, 8.14
ಸೇವಾ ಬ್ಯಾರೆ, ಪಾಸ್ಟರ್ ಪದವಿ ಬ್ಯಾರೆ. ಹೆಂಗಸರ ಸೇವೆಗೆ ನಮ್ಮಷ್ಟು ಗೌರವ ಕೊಡೋರು ಯಾರೂ ಇಲ್ಲ. ಪ್ರತಿ ಕ್ರಿಸ್ಮಸ್ಸಿಗೆ ಲಾಟಿ ಮೂನ್ ಕಾಣಿಕಿ ಅಂತ ಎತ್ತತೀವಿ, ಹೆಂಗಸಿನ ಹೆಸರಲೇ.

ನಾನು, 8.26
ಆ ಹೆಸರನ್ನು ನೀನೇ ತೆಗೆದದ್ದು ಒಳ್ಳೆಯದಾಯಿತು. ಲಾಟಿ ಮೂನ್ 1873ರಲ್ಲಿ ಚೀನಾಕ್ಕೆ ಹೋದವಳು. ಶಾಲೆಯಲ್ಲಿ ಹುಡುಗಿಯರಿಗೆ ಪಾಠ ಹೇಳಿಕೊಂಡಿರು ಅಂತ ಕಳಿಸಿದರೆ, ಹಳ್ಳಿಹಳ್ಳಿಗೆ ನಡೆದು ಸುವಾರ್ತೆ ಹೇಳಿದಳು. ಗಂಡಸರೂ ಕೂತು ಕೇಳುತ್ತಿದ್ದರು. ಕ್ರಿಸ್ಮಸ್ ಕಾಣಿಕೆ ಎತ್ತಿ ಅಂತ 1887ರಲ್ಲಿ ಪತ್ರ ಬರೆದವಳೂ ಅವಳೇ. ಆ ಹೊತ್ತಿಗೆ ಒಕ್ಕೂಟದ ಸಂವಿಧಾನದಲ್ಲಿ ಪ್ರತಿನಿಧಿಗಳು ಅಂದರೆ 'ಸಹೋದರರು' ಮಾತ್ರ. 1885ರಲ್ಲಿ ಆರ್ಕನ್ಸಾಸ್‌ನಿಂದ ಇಬ್ಬರು ಹೆಂಗಸರು ಪ್ರತಿನಿಧಿಗಳಾಗಿ ಬಂದರು ಅಂತ ಗಾಬರಿಯಾಗಿ ಪದ ತಿದ್ದಿದ್ದರು. ಲಾಟಿ 1912ರಲ್ಲಿ ತೀರಿಕೊಂಡಳು. ಹೆಂಗಸರಿಗೆ ಅಲ್ಲಿ ಮತ ಹಾಕಲು ಬಿಟ್ಟದ್ದು 1918ರಲ್ಲಿ. ಕಾಣಿಕೆಗೆ ಅವಳ ಹೆಸರಿಟ್ಟದ್ದೂ ಅದೇ ವರ್ಷ. ಈಗ ಅದೊಂದರಲ್ಲೇ ವರ್ಷಕ್ಕೆ ಹೆಚ್ಚೂಕಡಿಮೆ 20 ಕೋಟಿ ಡಾಲರ್ ಕೂಡುತ್ತದೆ. ಬದುಕಿದ್ದಾಗ ಕೈ ಎತ್ತಲು ಬಿಡದವಳ ಹೆಸರಲ್ಲಿ ತಟ್ಟೆ ಹಿಡಿಯುವುದು ಗೌರವವಾ ಪ್ರಕಾಶಣ್ಣ?

ಶಾಂತಾ ಅತ್ತಿ, 8.31
ಚೀನಾ ತನಕ ಯಾಕ ಹೋಗ್ತಿ? ನಮ್ಮವ್ವನ್ನ ತಗೋ. ಬೈಬಲ್ ಸ್ತ್ರೀ ಅಂತ ಹೆಸರು. ಬಗಲಾಗ ಚೀಲ, ಕಾಲಾಗ ಚಪ್ಪಲಿಲ್ಲ. ಮಿಶನ್ ದವಾಖಾನ್ಯಾಗ ಹಾಸಿಗಿ ಹಾಸಿಗಿಗೆ ಹೋಗಿ ಓದಿ ಹೇಳ್ತಿದ್ಲು. ಸಾಯೋರ ಕೈ ಹಿಡಕೊಂಡು ಕುಂದರತಿದ್ಲು.

ದೊಡ್ಡಪ್ಪ, 8.34
ಆದ್ರೂ ಅವ್ವ ಎಂದೂ ಪ್ರಸಂಗಪೀಠ ಹತ್ತಲಿಲ್ಲ. ತನ್ನ ಮರ್ಯಾದಿ ತಿಳಕೊಂಡಿದ್ಲು.

ಶಾಂತಾ ಅತ್ತಿ, 8.36
ಹತ್ತಲಿಲ್ಲ ಅನಬ್ಯಾಡ. ಹತ್ತು ಅಂತ ಯಾರೂ ಅನಲಿಲ್ಲ. ಮಳಿಗಾಲದಾಗ ಹಳ್ಳ ಬಂದು ಪಾದ್ರಿ ದಾಟಲಿಲ್ಲ ಅಂತ ನೇಕಾರ ಓಣಿಯ ಕೂಸಿನ ಮಣ್ಣು ಯಾರು ಮಾಡಿಸಿದ್ರು? ನೀನಽ ಛತ್ರಿ ಹಿಡಿದಿದ್ದಿ ಅಣ್ಣಾ. ಮರುದಿನ ರಿಜಿಸ್ಟರಿನಾಗ ಯಾರ ಹೆಸರು ಬರದ್ರು?

(ಆರು ನಿಮಿಷ ಯಾರೂ ಏನೂ ಹಾಕಲಿಲ್ಲ. ಛತ್ರಿಯ ಕತೆ ನನಗೆ ಗೊತ್ತೇ ಇರಲಿಲ್ಲ.)

ದೊಡ್ಡಪ್ಪ, 8.42
ಪಾದ್ರಿಯವರದು. ಅದು ಪದ್ಧತಿ.

ಡೇವಿಡ್, 8.44
ಈಗ ನಮ್ಮ ಸಿಎಸ್ಐದಾಗ ಆ ಪದ್ಧತಿ ಇಲ್ಲಲ್ಲ ದೊಡ್ಡಪ್ಪ. 1976ರಿಂದ ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡತಾರ. ನಂದ್ಯಾಲದಾಗ 2013ಕ್ಕ ಪುಷ್ಪಲಲಿತಾ ಅಮ್ಮನವರು ಬಿಷಪ್ಪೇ ಆದ್ರು. ಆಕಾಶ ಏನ್ ಕಳಚಿ ಬೀಳಲಿಲ್ಲ.

ದೊಡ್ಡಪ್ಪ, 8.47
ನಾ ಸಿನಡ್ ಮಾತು ಮೀರೂದಿಲ್ಲ. ಆದ್ರ ನನ್ನ ಮನಸು ಒಪ್ಪೂದಿಲ್ಲ. ಪ್ರಕಾಶ ಹೇಳೂದು ವಾಕ್ಯಕ್ಕ ಸರಿ ಐತಿ.

ಶಾಂತಾ ಅತ್ತಿ, 8.50
ಒಪ್ಪೂದಿಲ್ಲ? ಹಂಗಾದ್ರ 2019ರಾಗ ನಿನ್ನ ಸೊಸಿ ಸುನೀತಾನ್ನ ಅವರ ಸಭ್ಯಾಗ ಮಕ್ಕಳ ಪಾಸ್ಟರ್ ಮಾಡಿದಾಗ, ಧಾರವಾಡದಿಂದ ಎರಡು ಕೇಜಿ ಪೇಡೆ ತರಿಸಿ ಓಣಿಗೆಲ್ಲಾ ಹಂಚಿದೋರು ಯಾರು?

ದೊಡ್ಡಪ್ಪ, 8.55
ಅದು ಬ್ಯಾರೆ. ಮಕ್ಕಳಿಗೆ ಕಲಿಸೂದು. ಅದರಾಗ ಪುರುಷರ ಮ್ಯಾಲ ಅಧಿಕಾರ ಎಲ್ಲೈತಿ? ನನ್ನ ಸೊಸಿ ಅಮೇರಿಕಾದಾಗ ಪಾಸ್ಟರ್ ಅಂತ ಹೇಳಾಕ ನನಗೇನೂ ಸಂಕೋಚ ಇಲ್ಲ. ಇವತ್ತೂ ಹೇಳ್ತೀನಿ. ಬೆಳಿಗ್ಗಿ ಹಾಲಿನಾಂವಗೂ ಹೇಳೀನಿ.

ಪ್ರಕಾಶ, 8.56
ಈ ಮೆಸೇಜನ್ನು ಅಳಿಸಲಾಗಿದೆ

(ಇದೊಂದನ್ನು ಬೇಕೆಂದೇ ಉಳಿಸಿದ್ದೇನೆ.)

ಸುನೀತಾ ಅತ್ತಿಗೆ (ಡಲ್ಲಾಸ್), 9.04
ಮಾವಾರ, ನಮಸ್ಕಾರ್ರಿ. ನಿಮಗ ಹೇಳಿದ್ದಿಲ್ಲ, ತಪ್ಪು ತಿಳೀಬ್ಯಾಡ್ರಿ. 2023ರ ಮೀಟಿಂಗ್ ಆದ ಮ್ಯಾಲ ನಮ್ಮ ಸಭ್ಯಾಗೂ ಹೆದರಿದ್ರು. ಆ ಆಗಸ್ಟ್‌ನಾಗ ನನ್ನ ರೂಮಿನ ಬಾಗಲಾ ಮ್ಯಾಲಿನ ಬೋರ್ಡ್ ಬದಲಿ ಮಾಡಿದ್ರು. ಈಗ ಪಾಸ್ಟರ್ ಅಲ್ಲ, ಮಕ್ಕಳ ವಿಭಾಗದ ಡೈರೆಕ್ಟರ್.

ಡೇವಿಡ್, 9.05
ಪಗಾರ?

ಸುನೀತಾ ಅತ್ತಿಗೆ, 9.07
ಅದಽ. ಕೆಲಸಾನೂ ಅದಽ. ಮಕ್ಕಳು ಇನ್ನೂ ಪಾಸ್ಟರ್ ಸುನೀತಾ ಅಂತಾವ. ಅಂದಾಗೊಮ್ಮೆ ತಿದ್ದು ಅಂತ ಹೇಳ್ಯಾರ. ನಾ ತಿದ್ದಿಲ್ಲ.

(ಇದಾದ ಮೇಲೆ 'ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ' ಅಂತ ಬಹಳ ಹೊತ್ತು ಬಂತು, ಹೋಯಿತು, ಮತ್ತೆ ಬಂತು. ಒಂಬತ್ತು ನಿಮಿಷವಂತೂ ಹೌದು.)

ದೊಡ್ಡಪ್ಪ, 9.16
ಪ್ರಕಾಶ, ಫೋನ್ ಎತ್ತು.